ಡೊಮೇನ್ ದಾಖಲೆ: ಮುಚ್ಚಿಡುವುದೆಷ್ಟು, ತೆರೆದಿಡುವುದೆಷ್ಟು?



ಈ ಸಭಾಂಗಣದಲ್ಲಿ ಒಂದು ಕಲ್ಲು ಎಸೆದರೆ ಅದು ಯಾರಾದರೊಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಮೇಲೆಯೇ ಬೀಳುತ್ತದೆ. ಹಾಗಿರುವಾಗ ಅಂತರಜಾಲದ ಹೆಸರುಗಳ ಬಗ್ಗೆ ದಿಕ್ಸೂಚಿ ಭಾಷಣ ಮಾಡಲು ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ನಿಲ್ಲಿಸಿದ್ದೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಸರಳ. ಇಂಗ್ಲೆಂಡಿನಲ್ಲಿ ನಾನಿರುವ ಊರಿನ ಕನ್ನಡ ಸಂಘಕ್ಕೆ ಮೂರು ವರ್ಷ ಖಜಾಂಚಿಯಾಗಿದ್ದೆ. ಆಗ ಎದುರಾದ ಎರಡು ಸಂಗತಿಗಳು ಒಂದೇ ಪ್ರಶ್ನೆಯನ್ನು ಎರಡು ಕಡೆಯಿಂದ ನನ್ನ ಮುಂದಿಟ್ಟವು. ಅಲ್ಲಿಂದಲೇ ಶುರು ಮಾಡುತ್ತೇನೆ.

ಎರಡು ಸಂಗತಿ, ಒಂದೇ ಪರದೆ

ಒಂದು ವರ್ಷ ಯುಗಾದಿ ಕಾರ್ಯಕ್ರಮಕ್ಕೆ ಮೂರು ವಾರ ಇರುವಾಗ ಸದಸ್ಯರೊಬ್ಬರು ಫೋನ್ ಮಾಡಿ, "ಟಿಕೆಟ್‌ಗೆ ದುಡ್ಡು ಕಟ್ಟಿ ನಾಲ್ಕು ದಿನ ಆಯ್ತು, ರಸೀದಿನೇ ಬಂದಿಲ್ವಲ್ಲ" ಎಂದರು. ನನ್ನ ಪುಸ್ತಕದಲ್ಲಿ ಅವರ ಹಣ ಬಂದಿರಲಿಲ್ಲ. ಅವರು ಕಳಿಸಿದ ಕೊಂಡಿ ಒತ್ತಿ ನೋಡಿದರೆ ನಮ್ಮದೇ ಪುಟ. ಅದೇ ಲಾಂಛನ, ಅದೇ ಊಟದ ಪಟ್ಟಿ, ಕಾರ್ಯದರ್ಶಿಯ ಅದೇ ಫೋಟೋ. ವಿಳಾಸದಲ್ಲಿ ಮಾತ್ರ ಸಂಘದ ಹೆಸರಿನ ನಡುವೆ ಒಂದು ಅಡ್ಡಗೆರೆ ಹೆಚ್ಚಾಗಿತ್ತು. ಯಾರೋ ಆ ಹೆಸರನ್ನು ನೋಂದಾಯಿಸಿ ನಮ್ಮ ಪುಟವನ್ನು ನಕಲು ಮಾಡಿದ್ದರು. ಹನ್ನೊಂದು ಕುಟುಂಬಗಳು ಅಲ್ಲಿ ಹಣ ಕಟ್ಟಿದ್ದವು.

ಆ ಹೆಸರನ್ನು ಕೊಂಡವರು ಯಾರು ಎಂದು ನೋಂದಣಿ ದಾಖಲೆ ತೆರೆದೆ. ಹೆಸರು, ಬೀದಿ, ಫೋನ್, ಇಮೇಲ್, ಎಲ್ಲ ಸಾಲುಗಳಲ್ಲೂ ಒಂದೇ ಮಾತು: ಖಾಸಗಿತನಕ್ಕಾಗಿ ಮರೆಮಾಡಲಾಗಿದೆ. ನನಗೆ ಮೈ ಉರಿದುಹೋಯಿತು. ಕಳ್ಳನಿಗೆಂಥ ಖಾಸಗಿತನ?

ಅದೇ ರಾತ್ರಿ, ನಮ್ಮ ಸಂಘದ ನಿಜವಾದ ಹೆಸರಿನ ದಾಖಲೆಯನ್ನೂ ತೆರೆದು ನೋಡಿದೆ. ಅಲ್ಲೂ ಅದೇ ಪರದೆ. ಈ ಹೆಸರನ್ನು ನೋಂದಾಯಿಸಿದವರು ಯಾರೆಂದು ಹಳಬರನ್ನು ವಿಚಾರಿಸಿದಾಗ ಎರಡನೆಯ ಸಂಗತಿ ಹೊರಬಂತು. ಸಂಘದ ಆರಂಭದ ದಿನಗಳಲ್ಲಿ ಕಾರ್ಯದರ್ಶಿಯಾಗಿದ್ದ, ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯ ಸದಸ್ಯೆಯೊಬ್ಬರು ತಮ್ಮ ಸ್ವಂತ ಹೆಸರು, ಮನೆಯ ವಿಳಾಸ, ಮೊಬೈಲ್ ಸಂಖ್ಯೆ ಕೊಟ್ಟು ಅದನ್ನು ತೆಗೆದುಕೊಂಡಿದ್ದರು. ಆಗ ದಾಖಲೆ ಲೋಕಕ್ಕೆಲ್ಲ ತೆರೆದಿತ್ತು. ಯಾವುದೋ ಕಾರ್ಯಕ್ರಮದ ವಿಚಾರಕ್ಕೆ ಸಂಘದ ಮೇಲೆ ಮುನಿಸಿಕೊಂಡ ವ್ಯಕ್ತಿಯೊಬ್ಬ ಅಲ್ಲಿಂದ ವಿಳಾಸ ತೆಗೆದುಕೊಂಡು ತಿಂಗಳುಗಟ್ಟಲೆ ಅವರ ಮನೆಗೆ ಹೊಲಸು ಕಾಗದಗಳನ್ನು ಬರೆದಿದ್ದ. ಎರಡು ಸಲ ಬಾಗಿಲಿಗೂ ಬಂದಿದ್ದ. ಅವರ ಮಕ್ಕಳು ಆಗ ಚಿಕ್ಕವರು. "ಸಂಘಕ್ಕೆ ಅಂತ ನಮ್ಮನೆ ಅಡ್ರೆಸ್ ಕೊಟ್ಟೆ ಕಣಪ್ಪ, ಅದನ್ನ ಊರಿಗೆಲ್ಲ ಹಂಚಿಬಿಟ್ರು" ಎಂದರು ಅಕ್ಕ.

ಹನ್ನೊಂದು ಕುಟುಂಬಗಳ ಹಣ ಹೊಡೆದವನನ್ನು ಕಾಪಾಡುವ ಪರದೆಯೂ ಅದೇ, ಅಕ್ಕನ ಮನೆಬಾಗಿಲನ್ನು ಕಾಪಾಡುವ ಪರದೆಯೂ ಅದೇ. ಇದನ್ನು ಕಿತ್ತು ಹಾಕಿ ಎಂದು ಕೂಗಲು ಹೊರಟವನಿಗೆ ಆ ರಾತ್ರಿ ಬಾಯಿ ಕಟ್ಟಿತು. ಈ ಪರದೆ ಎಲ್ಲಿಂದ ಬಂತು, ಯಾರು ಹಾಕಿದರು, ಅದಕ್ಕೊಂದು ಕಿಂಡಿ ಇಡಲು ಸಾಧ್ಯವೇ ಎಂದು ಓದಿಕೊಂಡದ್ದೆಲ್ಲ ಆಮೇಲಿನ ಕೆಲಸ.

ಡೈರೆಕ್ಟರಿ ಹುಟ್ಟಿದ್ದು ಹೇಗೆ

ಡೊಮೇನ್ ಎಂದರೆ ಅಂತರಜಾಲದಲ್ಲಿ ನಾವು ಬಾಡಿಗೆಗೆ ಪಡೆಯುವ ಹೆಸರು. ಬಾಡಿಗೆ ಎಂದೇ ಹೇಳುತ್ತೇನೆ, ಏಕೆಂದರೆ ವರ್ಷವರ್ಷ ಹಣ ಕಟ್ಟದಿದ್ದರೆ ಅದು ಕೈತಪ್ಪುತ್ತದೆ. ನಮಗೆ ಹೆಸರು ಮಾರುವ ಅಂಗಡಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ಒಂದೊಂದು ಬಾಲಕ್ಕೂ ಮೂಲ ಖಾತೆಪುಸ್ತಕ ಇಟ್ಟುಕೊಂಡಿರುವ ಸಂಸ್ಥೆಗೆ ರಿಜಿಸ್ಟ್ರಿ ಎನ್ನುತ್ತಾರೆ. ಇಂಥ ಸಾಮಾನ್ಯ ಬಾಲಗಳಿಗೆಲ್ಲ ನಿಯಮ ರೂಪಿಸುವುದು 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲಾಭರಹಿತ ಸಂಸ್ಥೆಯಾಗಿ ಹುಟ್ಟಿದ ಐಕ್ಯಾನ್. ಬ್ರಿಟನ್ನಿನ ಡಾಟ್ ಯುಕೆ, ಭಾರತದ ಡಾಟ್ ಇನ್ ಮುಂತಾದ ದೇಶದ ಬಾಲಗಳಿಗೆ ಆಯಾ ದೇಶದ ನಿಯಮ.

ಯಾವ ಹೆಸರು ಯಾರದು ಎಂದು ನೋಡುವ ವ್ಯವಸ್ಥೆಗೆ ಹೂ-ಈಸ್ ಎಂದು ಹೆಸರು, ಅಂದರೆ 'ಯಾರಿದು?' ಅಷ್ಟೇ. ಇದರ ಮೊದಲ ವಿಧಿವಿಧಾನ ಪ್ರಕಟವಾದದ್ದು 1982ರಲ್ಲಿ. ಆಗ ಅಂತರಜಾಲ ಎಂದರೆ ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ನಡೆಯುತ್ತಿದ್ದ ಅರ್ಪಾನೆಟ್. ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳ ಸೀಮಿತ ಬಳಗ. ಆ ಜಾಲ ಬಳಸುವವರು ತಮ್ಮ ಪೂರ್ತಿ ಹೆಸರು, ಅಂಚೆ ವಿಳಾಸ, ಫೋನ್, ಇಮೇಲ್ ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕೇಳಿಕೊಳ್ಳಲಾಯಿತು. ನಿಮ್ಮ ಯಂತ್ರ ಕೆಟ್ಟು ನನ್ನ ಯಂತ್ರಕ್ಕೆ ತೊಂದರೆಯಾದರೆ ಫೋನ್ ಮಾಡಿ ಹೇಳಬೇಕಲ್ಲ, ಅದಕ್ಕೆ. ಒಂದು ವಠಾರದ ಮನೆಗಳವರು ಪರಸ್ಪರ ಫೋನ್ ನಂಬರ್ ಬರೆದಿಟ್ಟುಕೊಂಡ ಹಾಗೆ.

ವಠಾರ ಬೆಳೆದು ಲೋಕವಾಯಿತು. ಡೈರೆಕ್ಟರಿ ಮಾತ್ರ ಹಾಗೆಯೇ ಉಳಿಯಿತು. ವ್ಯಾಪಾರಿಗಳು, ಹೋರಾಟಗಾರರು, ಕವಿತೆ ಬರೆಯುವವರು, ನಮ್ಮಂಥ ಸಂಘದವರು, ಹೆಸರು ಕೊಂಡ ಪ್ರತಿಯೊಬ್ಬರೂ ಅದರಲ್ಲಿ ಸೇರಿಕೊಂಡರು. ಲೆಕ್ಕದವನಾದ ನನಗೆ ಇಲ್ಲಿ ಕಣ್ಣಿಗೆ ಬಿದ್ದ ಒಂದು ಅಂಶ ಹೇಳುತ್ತೇನೆ. 2001ರ ಐಕ್ಯಾನ್ ಒಪ್ಪಂದದ ಪ್ರಕಾರ ರಿಜಿಸ್ಟ್ರಾರ್ ತನ್ನ ಗ್ರಾಹಕರ ಪೂರ್ತಿ ಪಟ್ಟಿಯನ್ನು ಕೇಳಿದವರಿಗೆ ಸಗಟಾಗಿ ಕೊಡಬೇಕಿತ್ತು. ಅದಕ್ಕೆ ವಿಧಿಸಬಹುದಾದ ಶುಲ್ಕ ವರ್ಷಕ್ಕೆ ಹೆಚ್ಚೆಂದರೆ 10,000 ಡಾಲರ್. ಜಾಹೀರಾತಿನ ಕಾಟಕ್ಕೆ ಬಳಸಬಾರದೆಂಬ ಷರತ್ತು ಕಾಗದದ ಮೇಲೆ ಇತ್ತು. ಹೊಸ ಹೆಸರು ಕೊಂಡ ಮರುದಿನವೇ 'ನಿಮ್ಮ ವೆಬ್‌ಸೈಟ್ ಮಾಡಿಕೊಡುತ್ತೇವೆ' ಎಂಬ ಕರೆಗಳು ಬರುತ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ತೆರೆದಿಟ್ಟ ದಾಖಲೆಯಾದ್ದರಿಂದ ಸತ್ಯವಾದರೂ ಇತ್ತೇ? 2010ರಲ್ಲಿ ಐಕ್ಯಾನ್ ಪರವಾಗಿ ಷಿಕಾಗೋ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆ ಮಾದರಿ ದಾಖಲೆಗಳನ್ನು ಎತ್ತಿಕೊಂಡು ಪರೀಕ್ಷಿಸಿತು. ಪೂರ್ತಿ ಸರಿಯಿದ್ದವು 23 ಶೇಕಡಾ ಮಾತ್ರ. ಮಾನದಂಡ ಸ್ವಲ್ಪ ಸಡಿಲಿಸಿದರೆ ಅದರ ಸುಮಾರು ಎರಡರಷ್ಟು. ಇದರಲ್ಲಿ ಆಶ್ಚರ್ಯವೇನಿಲ್ಲ. ನಿಮ್ಮ ಮನೆ ವಿಳಾಸವನ್ನು ಲೋಕದ ಗೋಡೆಗೆ ಅಂಟಿಸುತ್ತೇವೆ ಎಂದರೆ ಮರ್ಯಾದಸ್ಥನಿಗೂ ಸುಳ್ಳು ಬರೆಯುವ ಮನಸ್ಸಾಗುತ್ತದೆ. ಮೋಸಗಾರನಂತೂ ಎಂದೂ ನಿಜ ಬರೆದವನಲ್ಲ. ಹೀಗಾಗಿ ಆ ತೆರೆದ ಡೈರೆಕ್ಟರಿಯಲ್ಲಿ ಸಿಕ್ಕಿಬೀಳುತ್ತಿದ್ದವರು ಹೆಚ್ಚಾಗಿ ನಿಜ ಹೇಳಿದವರು, ನಮ್ಮ ಅಕ್ಕನ ಹಾಗೆ.

2018ರ ಮೇ 25

ಯುರೋಪಿನ ಖಾಸಗಿತನ ರಕ್ಷಣಾ ಅಧಿಕಾರಿಗಳ ಕೂಟ 2003ರಲ್ಲಿಯೇ ಈ ಡೈರೆಕ್ಟರಿಗಳ ಬಗ್ಗೆ ತಕರಾರು ಎತ್ತಿತ್ತು. ಹದಿನೈದು ವರ್ಷ ಸಮಿತಿಗಳ ಮೇಲೆ ಸಮಿತಿಗಳು ಕೂತವು. ನಿಜವಾಗಿ ಬದಲಾವಣೆ ತಂದದ್ದು ಜಿಡಿಪಿಆರ್ ಎಂಬ ಯುರೋಪಿಯನ್ ಕಾನೂನಿನ ದಂಡ: 2 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ 4 ಶೇಕಡಾ, ಯಾವುದು ಹೆಚ್ಚೋ ಅಲ್ಲಿಯವರೆಗೆ. ಆ ಕಾನೂನು 2018ರ ಮೇ 25ರಂದು ಜಾರಿಗೆ ಬರಬೇಕಿತ್ತು. ಐಕ್ಯಾನ್ ಮಂಡಳಿ ತಾತ್ಕಾಲಿಕ ನಿಯಮಾವಳಿಗೆ ಒಪ್ಪಿಗೆ ಕೊಟ್ಟದ್ದು ಮೇ 17ರಂದು, ಕೇವಲ ಎಂಟು ದಿನ ಮೊದಲು. ಲೆಕ್ಕಪತ್ರ ಸಲ್ಲಿಸುವ ಕೊನೆಯ ವಾರದಲ್ಲಿ ರಸೀದಿಗಳ ಚೀಲ ಹೊತ್ತು ಬರುವ ಕಕ್ಷಿದಾರರು ನನಗೂ ಇದ್ದಾರೆ. ಹಾಗಾಗಿ ಬೈಯಲಾರೆ.

ಆ ನಿಯಮದ ತಿರುಳು ಇಷ್ಟು: ಮಾಹಿತಿ ಸಂಗ್ರಹಿಸಿ, ಪ್ರಕಟಿಸಬೇಡಿ. ಹೆಸರು, ಬೀದಿ, ಫೋನ್, ಇಮೇಲ್ ಮರೆಯಾದವು. ರಿಜಿಸ್ಟ್ರಾರ್ ಯಾರು, ಹೆಸರು ಹುಟ್ಟಿದ ದಿನ, ಅವಧಿ ಮುಗಿಯುವ ದಿನ, ನೋಂದಾಯಿಸಿದವರ ರಾಜ್ಯ ಮತ್ತು ದೇಶ ಉಳಿದವು. ಬ್ರಿಟನ್ನಿನ ನೊಮಿನೆಟ್ ಕೂಡ ಅದೇ ತಿಂಗಳು ಡಾಟ್ ಯುಕೆ ಹೆಸರುಗಳ ಮಾಲೀಕರ ವಿವರಗಳನ್ನು ಒಪ್ಪಿಗೆಯಿಲ್ಲದೆ ತೋರಿಸುವುದನ್ನು ನಿಲ್ಲಿಸಿತು. ಕೆನಡಾ ಇದನ್ನು ಹತ್ತು ವರ್ಷ ಮೊದಲೇ, 2008ರಲ್ಲಿ, ತನ್ನ ಡಾಟ್ ಸಿಎ ವ್ಯಕ್ತಿಗಳ ವಿಷಯದಲ್ಲಿ ಮಾಡಿತ್ತು. ಅಮೆರಿಕದ ಡಾಟ್ ಯುಎಸ್ ತದ್ವಿರುದ್ಧ ದಾರಿ ಹಿಡಿದು, ಮಾಲೀಕನ ಬದಲು ಮಧ್ಯವರ್ತಿಯ ಹೆಸರು ತೋರಿಸುವ ಸೇವೆಯನ್ನೇ 2005ರಲ್ಲಿ ನಿಷೇಧಿಸಿತ್ತು. ಒಂದೇ ಪ್ರಶ್ನೆಗೆ ದೇಶಕ್ಕೊಂದು ಉತ್ತರ.

ಕಾನೂನು ಜಾರಿಗೆ ಬಂದ ದಿನವೇ ಐಕ್ಯಾನ್ ಜರ್ಮನಿಯ ಬಾನ್ ನಗರದ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿನ ಇಪ್ಯಾಗ್ ಎಂಬ ರಿಜಿಸ್ಟ್ರಾರ್, ಮಾಲೀಕನ ವಿವರ ಮಾತ್ರ ಪಡೆಯುತ್ತೇನೆ, ಆಡಳಿತ ಸಂಪರ್ಕ ಮತ್ತು ತಾಂತ್ರಿಕ ಸಂಪರ್ಕ ಎಂದು ಇನ್ನಿಬ್ಬರ ವಿವರ ಸಂಗ್ರಹಿಸುವುದಿಲ್ಲ ಎಂದಿತ್ತು. ನ್ಯಾಯಾಲಯ ಕೆಲವೇ ದಿನಗಳಲ್ಲಿ ಐಕ್ಯಾನ್ ಕೋರಿಕೆಯನ್ನು ತಿರಸ್ಕರಿಸಿತು. ಆ ಹೆಚ್ಚುವರಿ ವಿವರಗಳು ಅತ್ಯಗತ್ಯವೆಂದು ನೀವು ತೋರಿಸಿಕೊಟ್ಟಿಲ್ಲ ಎಂಬುದು ಅದರ ಮಾತಿನ ಸಾರ. ಕಲೋನ್‌ನ ಮೇಲ್ಮನವಿ ನ್ಯಾಯಾಲಯದಲ್ಲೂ ಐಕ್ಯಾನ್‌ಗೆ ಪರಿಹಾರ ಸಿಗಲಿಲ್ಲ. ನನಗೆ ಈ ತೀರ್ಪು ಮುಖ್ಯವೆನಿಸುವುದು ಅದು ಪ್ರಶ್ನೆಯನ್ನು ಸರಿಯಾದ ಜಾಗಕ್ಕೆ ಒಯ್ದದ್ದಕ್ಕೆ. ಯಾರಿಗೆ ತೋರಿಸಬೇಕು ಎನ್ನುವ ಮೊದಲು ಕೇಳಬೇಕಾದದ್ದು, ಇದನ್ನು ಪಡೆದದ್ದಾದರೂ ಏತಕ್ಕೆ?

ಮುಚ್ಚಿದಾಗ ಕಳೆದುಹೋದದ್ದು

ಇಲ್ಲಿಯವರೆಗೆ ಕೇಳಿದವರಿಗೆ ಖಾಸಗಿತನ ಗೆದ್ದಿತು, ಒಳ್ಳೆಯದಾಯಿತು ಎನ್ನಿಸಬಹುದು. ಅಕ್ಕನ ಕಡೆಯಿಂದ ನೋಡಿದರೆ ಹೌದು. ಈಗ ಹನ್ನೊಂದು ಕುಟುಂಬಗಳ ಕಡೆಗೆ ಬನ್ನಿ.

ಸೈಬರ್ ಅಪರಾಧ ಪತ್ತೆ ಮಾಡುವವರಿಗೆ ಹಳೆಯ ಡೈರೆಕ್ಟರಿಯಲ್ಲಿ ಸುಳ್ಳು ಹೆಸರೂ ಉಪಯೋಗಕ್ಕೆ ಬರುತ್ತಿತ್ತು. ಮೋಸಗಾರ ಒಂದು ನಕಲಿ ಪುಟಕ್ಕೆ ತೃಪ್ತನಾಗುವುದಿಲ್ಲ, ನೂರಾರು ಹೆಸರುಗಳನ್ನು ಒಟ್ಟಿಗೆ ಕೊಳ್ಳುತ್ತಾನೆ. ಪ್ರತಿಯೊಂದಕ್ಕೂ ಹೊಸ ಸುಳ್ಳು ಹೆಣೆಯುವ ಶ್ರಮ ತೆಗೆದುಕೊಳ್ಳುವುದಿಲ್ಲ. ಅದೇ ಸುಳ್ಳು ಇಮೇಲ್, ಅದೇ ಸುಳ್ಳು ಫೋನ್. ಒಂದು ಪುಟ ಸಿಕ್ಕಿದರೆ ಆ ಇಮೇಲ್ ಹಿಡಿದುಕೊಂಡು ಉಳಿದ ಹೆಸರುಗಳನ್ನು, ಅವು ಇನ್ನೂ ಯಾರನ್ನೂ ಮೋಸ ಮಾಡುವ ಮೊದಲೇ, ಪಟ್ಟಿ ಮಾಡಬಹುದಿತ್ತು. ಪರದೆ ಬಿದ್ದಾಗ ಈ ದಾರ ಕಡಿಯಿತು. ಲೆಕ್ಕಪರಿಶೋಧನೆಯಲ್ಲಿ ನಾವು ಮಾಡುವುದೂ ಇದನ್ನೇ. ಬಿಲ್ ಸುಳ್ಳಿರಬಹುದು, ಆದರೆ ನಲವತ್ತು ಸುಳ್ಳು ಬಿಲ್‌ಗಳಲ್ಲೂ ಒಂದೇ ಬ್ಯಾಂಕ್ ಖಾತೆ ಇದ್ದರೆ ಅದೇ ಸಾಕ್ಷಿ.

ಎರಡನೆಯ ನಷ್ಟ, ಕೇಳುವ ದಾರಿಯೇ ಮಸುಕಾದದ್ದು. ನಾನು ಆ ನಕಲಿ ಹೆಸರನ್ನು ಮಾರಿದ, ಬೇರೊಂದು ಖಂಡದಲ್ಲಿದ್ದ ರಿಜಿಸ್ಟ್ರಾರ್‌ಗೆ ಬರೆದೆ. ಸಂಘದ ನೋಂದಣಿ ಪತ್ರ, ಎರಡೂ ಪುಟಗಳ ಚಿತ್ರ, ಪೊಲೀಸರಿಗೆ ಕೊಟ್ಟ ದೂರಿನ ಸಂಖ್ಯೆ, ಎಲ್ಲ ಲಗತ್ತಿಸಿದೆ. ಮೂರು ವಾರದ ಮೇಲೆ ಎರಡು ಸಾಲಿನ ಉತ್ತರ ಬಂತು: ನಿಮ್ಮ ಕಾನೂನುಬದ್ಧ ಹಿತಾಸಕ್ತಿ ಸಾಬೀತಾಗಿಲ್ಲ, ನ್ಯಾಯಾಲಯದ ಆದೇಶ ತನ್ನಿ. ಯಾವ ದಾಖಲೆ ಸಾಲದು, ಯಾರು ತೀರ್ಮಾನಿಸಿದರು, ಮೇಲ್ಮನವಿ ಯಾರಿಗೆ ಎಂಬುದಿಲ್ಲ. ಹೋದ ಹಣ 700 ಪೌಂಡ್ ಚಿಲ್ಲರೆ. ವಕೀಲರ ಮೊದಲ ಕಾಗದಕ್ಕೇ ಅದಕ್ಕಿಂತ ಹೆಚ್ಚು ಬೇಕಿತ್ತು. ದೊಡ್ಡ ಕಂಪನಿಗಳು ಈ ದಾರಿ ಹಿಡಿಯಬಲ್ಲವು. ಭಾರತದ ನ್ಯಾಯಾಲಯಗಳಲ್ಲಿ ಯಾರೆಂದು ಗೊತ್ತಿಲ್ಲದ ಪ್ರತಿವಾದಿಗೆ 'ಅಶೋಕ್ ಕುಮಾರ್' ಎಂದು ಹೆಸರಿಟ್ಟು ದಾವೆ ಹೂಡುವ ರೂಢಿಯಿದೆ. ನಕಲಿ ವೆಬ್‌ಸೈಟುಗಳ ವಿರುದ್ಧ ಹೆಸರಾಂತ ಕಂಪನಿಗಳು ಇಂಥ ಅಶೋಕ್ ಕುಮಾರರ ಮೇಲೆ ದೆಹಲಿ ಹೈಕೋರ್ಟ್‌ಗೆ ಹೋಗಿವೆ. ಟಿಕೆಟ್ ಹಣ ಕಳೆದುಕೊಂಡ ಕುಟುಂಬ ಹೋಗಲಾರದು.

ನಮ್ಮ ಕರ್ನಾಟಕದವರಿಗೆ ಇದು ಹೊಸ ಅನುಭವವಲ್ಲ. ಪಹಣಿ ಕೈಬರಹದಲ್ಲಿದ್ದ ಕಾಲದಲ್ಲಿ ರೈತನ ಹೊಲದ ದಾಖಲೆ ಗ್ರಾಮಲೆಕ್ಕಿಗರ ಕಡತದಲ್ಲಿರುತ್ತಿತ್ತು. ಅದರ ಪ್ರತಿ ಬೇಕೆಂದರೆ ಹಲವು ಸಲ ಅಲೆಯಬೇಕು, ಕೈ ಬಿಸಿ ಮಾಡಬೇಕು. ಭೂಮಿ ಯೋಜನೆಯಲ್ಲಿ ಅದು ಗಣಕಕ್ಕೆ ಏರಿದ ಮೇಲೆ 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಡೆಯುವಂತಾಯಿತು. ಮುಚ್ಚಿಟ್ಟ ದಾಖಲೆಯ ಬೀಗ ಯಾರ ಕೈಯಲ್ಲಿದೆಯೋ ಅವನೇ ದೊಡ್ಡವನಾಗುತ್ತಾನೆ. ಡೊಮೇನ್ ದಾಖಲೆಯ ಬೀಗ ಇವತ್ತು ಸಾವಿರಾರು ರಿಜಿಸ್ಟ್ರಾರ್‌ಗಳ ಕೈಯಲ್ಲಿದೆ, ಒಬ್ಬೊಬ್ಬರದು ಒಂದೊಂದು ರೀತಿ.

ಕಿಂಡಿ ಕೊರೆಯುವ ಪ್ರಯತ್ನಗಳು

ಇದಕ್ಕೆ ಒಂದೇ ಕಿಟಕಿ ಮಾಡೋಣ ಎಂದು ಐಕ್ಯಾನ್ ಸಮುದಾಯ ದೀರ್ಘವಾಗಿ ಚರ್ಚಿಸಿ 2020ರಲ್ಲಿ ಒಂದು ವರದಿ ಕೊಟ್ಟಿತು. ಕೇಳುವವರ ಗುರುತನ್ನು ಮೊದಲೇ ಪರಿಶೀಲಿಸಿ, ಅವರ ಕೋರಿಕೆಗಳನ್ನು ಒಂದೇ ಕಡೆ ಸ್ವೀಕರಿಸಿ, ಸರಿಯಾದ ರಿಜಿಸ್ಟ್ರಾರ್‌ಗೆ ಕಳಿಸುವ ವ್ಯವಸ್ಥೆ ಅದು. 2022ರ ಜನವರಿಯಲ್ಲಿ ಅದರ ವೆಚ್ಚದ ಅಂದಾಜು ಹೊರಬಂತು. ಕಟ್ಟಲು 2 ಕೋಟಿಯಿಂದ 2.7 ಕೋಟಿ ಡಾಲರ್. ನಡೆಸಲು ವರ್ಷಕ್ಕೆ 1.4 ಕೋಟಿಯಿಂದ 10.7 ಕೋಟಿ ಡಾಲರ್. ಎಷ್ಟು ಜನ ಬಳಸಬಹುದು ಎಂಬುದಕ್ಕೆ 25,000ದಿಂದ 30 ಲಕ್ಷ! ನನ್ನ ಕಿರಿಯ ಸಹೋದ್ಯೋಗಿ ಇಂಥ ಬಜೆಟ್ ತಂದುಕೊಟ್ಟರೆ, "ಇದು ಅಂದಾಜಲ್ಲಪ್ಪ, ಹವಾಮಾನ ವರದಿ" ಎಂದು ವಾಪಸ್ ಕಳಿಸುತ್ತೇನೆ. ಐಕ್ಯಾನ್ ಕೂಡ ಅದನ್ನು ಬದಿಗಿಟ್ಟು, ನಿಜವಾದ ಬೇಡಿಕೆ ಎಷ್ಟೆಂದು ತಿಳಿಯಲು ಸಣ್ಣದೊಂದು ಪ್ರಾಯೋಗಿಕ ಸೇವೆಯನ್ನು 2023ರ ನವೆಂಬರ್‌ನಲ್ಲಿ ಆರಂಭಿಸಿತು. ಆರ್‌ಡಿಆರ್‌ಎಸ್ ಎಂದು ಅದರ ಹೆಸರು. ಕೇಳಲು ಶುಲ್ಕವಿಲ್ಲ. ಆದರೆ ಅದರಲ್ಲಿ ಸೇರುವುದು ರಿಜಿಸ್ಟ್ರಾರ್ ಇಚ್ಛೆ, ವಿವರ ಕೊಡುವುದು ಬಿಡುವುದು ಕೂಡ ಅವರದೇ ತೀರ್ಮಾನ. ದೇಶದ ಬಾಲಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ತಾಂತ್ರಿಕವಾಗಿಯೂ ಒಂದು ಮುಖ್ಯ ಬದಲಾವಣೆ ಆಗಿದೆ. ಹಳೆಯ ಹೂ-ಈಸ್ ವ್ಯವಸ್ಥೆಗೆ ಕೇಳುವವನು ಯಾರೆಂದು ಗೊತ್ತಾಗುತ್ತಲೇ ಇರಲಿಲ್ಲ. ಪೊಲೀಸನಿಗೂ ಪುಂಡನಿಗೂ ಒಂದೇ ಉತ್ತರ. ಅದರ ಜಾಗಕ್ಕೆ ಬಂದಿರುವ ಆರ್‌ಡಿಎಪಿ ಎಂಬ ಹೊಸ ವಿಧಾನ ಕೇಳುವವನ ಗುರುತು ನೋಡಿ, ಅವನ ಅರ್ಹತೆಗೆ ತಕ್ಕಷ್ಟು ಮಾತ್ರ ತೋರಿಸಬಲ್ಲದು. ಡಾಟ್ ಕಾಮ್‌ನಂಥ ಬಾಲಗಳಿಗೆ ಹಳೆಯ ಹೂ-ಈಸ್ ಕಡ್ಡಾಯವೆಂಬ ನಿಯಮ 2025ರ ಜನವರಿ 28ಕ್ಕೆ ಕೊನೆಗೊಂಡಿತು. ಅಂದರೆ ಯಂತ್ರ ಸಿದ್ಧವಿದೆ. ಸಿದ್ಧವಿಲ್ಲದ್ದು ಯಾರಿಗೆ ಎಷ್ಟು ಎಂಬ ಒಮ್ಮತ.

ಯುರೋಪ್ ತನ್ನ ಮಟ್ಟಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಎನ್‌ಐಎಸ್-2 ಎಂಬ ಸೈಬರ್ ಸುರಕ್ಷಾ ನಿರ್ದೇಶನದ 28ನೇ ವಿಧಿ ಮೂರು ಮಾತು ಹೇಳುತ್ತದೆ. ದಾಖಲೆ ನಿಖರವಾಗಿರಬೇಕು, ಅದನ್ನು ಪರಿಶೀಲಿಸುವ ಕ್ರಮ ಇರಬೇಕು. ವ್ಯಕ್ತಿಗೆ ಸೇರದ ಮಾಹಿತಿಯನ್ನು, ಅಂದರೆ ಕಂಪನಿಗಳ ವಿವರವನ್ನು, ಪ್ರಕಟಿಸಬೇಕು. ಸಕಾರಣವಾಗಿ ಕೇಳಿದವರಿಗೆ 72 ಗಂಟೆಯೊಳಗೆ ಉತ್ತರ ಕೊಡಬೇಕು. ಗಮನಿಸಿ, ಕೊಡಬೇಕಾದದ್ದು ಉತ್ತರ. ಅದು 'ಇಲ್ಲ' ಎಂದೂ ಇರಬಹುದು. ಆದರೆ ಮೂರು ವಾರ ಕಾಯಿಸುವಂತಿಲ್ಲ.

ನನ್ನ ವೃತ್ತಿ ಕಲಿಸಿದ ಪಾಠ

ಬ್ರಿಟನ್ನಿನಲ್ಲಿ ಕಂಪನಿಗಳ ನೋಂದಣಿ ನಡೆಯುವ ಕಂಪನೀಸ್ ಹೌಸ್ ಇದೇ ಸಮಸ್ಯೆಯನ್ನು ಡೊಮೇನ್‌ಗಳಿಗಿಂತ ಮೊದಲೇ ಎದುರಿಸಿತು. ಒಂದು ಕಾಲಕ್ಕೆ ಪ್ರತಿ ನಿರ್ದೇಶಕರ ಮನೆ ವಿಳಾಸವೂ ಅಲ್ಲಿ ಬಹಿರಂಗವಾಗಿತ್ತು. ಅದನ್ನು ಹಿಡಿದುಕೊಂಡು ನಿರ್ದೇಶಕರ ಮನೆಗಳಿಗೆ ಹೋಗಿ ಬೆದರಿಸಿದ ಪ್ರಕರಣಗಳು ನಡೆದವು. 2009ರ ಅಕ್ಟೋಬರ್ 1ರಿಂದ ನಿಯಮ ಬದಲಾಯಿತು. ಸಾರ್ವಜನಿಕರಿಗೆ ಕಾಣುವುದು ಕಾಗದಪತ್ರ ತಲುಪುವ ಒಂದು ವಿಳಾಸ, ಅದು ಕಚೇರಿಯದ್ದಾಗಿರಬಹುದು. ಮನೆಯ ವಿಳಾಸ ಬೇರೊಂದು ರಕ್ಷಿತ ಪುಸ್ತಕದಲ್ಲಿ. ಅದನ್ನು ನೋಡಬಲ್ಲವರು ಕಾನೂನು ಹೆಸರಿಸಿದ ಕೆಲವರು ಮಾತ್ರ. 2015ರಿಂದ ಹುಟ್ಟಿದ ದಿನಾಂಕದಲ್ಲಿ ತಿಂಗಳು ಮತ್ತು ವರ್ಷವಷ್ಟೇ ಕಾಣುತ್ತದೆ.

ಇದರಲ್ಲೂ ಒಂದು ತೂತು ಉಳಿದಿತ್ತು. ಕೊಟ್ಟ ಹೆಸರು ನಿಜವೇ ಎಂದು ಕಂಪನೀಸ್ ಹೌಸ್ ಪರೀಕ್ಷಿಸುತ್ತಿರಲಿಲ್ಲ. ಬರೆದುಕೊಟ್ಟದ್ದನ್ನು ಬರೆದುಕೊಳ್ಳುವುದಷ್ಟೇ ಅದರ ಕೆಲಸವಾಗಿತ್ತು. 2023ರ ಆರ್ಥಿಕ ಅಪರಾಧ ಕಾಯ್ದೆಯ ನಂತರ ಅದಕ್ಕೆ ಪ್ರಶ್ನಿಸುವ ಅಧಿಕಾರ ಬಂತು. 2025ರ ನವೆಂಬರ್ 18ರಿಂದ ನಿರ್ದೇಶಕರ ಗುರುತಿನ ಪರಿಶೀಲನೆ ಕಡ್ಡಾಯವಾಗಿದೆ. ಇನ್ನೊಂದು ಕಡೆ, ಕಂಪನಿಗಳ ಅಸಲಿ ಒಡೆಯರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದೆಂಬ ಯುರೋಪಿನ ನಿಯಮವನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯ 2022ರ ನವೆಂಬರ್‌ನಲ್ಲಿ ರದ್ದು ಮಾಡಿತು. ಆದರೆ ಅಕ್ರಮ ಹಣದ ಜಾಡು ಹಿಡಿಯುವ ಪತ್ರಕರ್ತರಿಗೂ ನಾಗರಿಕ ಸಂಘಟನೆಗಳಿಗೂ ನೋಡುವ ಸಕಾರಣ ಇದೆ ಎಂದು ಅದೇ ತೀರ್ಪು ಒಪ್ಪಿತು.

ಈ ಇಬ್ಬರೂ ಬೇರೆಬೇರೆ ದಾರಿಯಲ್ಲಿ ನಡೆದು ತಲುಪಿದ ಜಾಗ ಒಂದೇ. ಅದನ್ನು ನಮ್ಮ ಲೆಕ್ಕಪರಿಶೋಧಕರ ಭಾಷೆಯಲ್ಲಿ ನಾಲ್ಕು ಪ್ರಶ್ನೆಗಳಾಗಿ ಹೇಳಬಹುದು. ಯಾವುದೇ ದಾಖಲೆಗೆ ಈ ನಾಲ್ಕನ್ನು ಕೇಳಿ.

ಒಂದು, ಇದನ್ನು ಪಡೆದದ್ದು ಏತಕ್ಕೆ? ಉದ್ದೇಶ ಹೇಳಲಾಗದ ಮಾಹಿತಿಯನ್ನು ಪಡೆಯಲೇಬಾರದು. ಬಾನ್ ನ್ಯಾಯಾಲಯ ಹೇಳಿದ್ದು ಇದನ್ನೇ.

ಎರಡು, ಇದು ನಿಜವೇ? ಸುಳ್ಳು ದಾಖಲೆಯನ್ನು ತೆರೆದಿಟ್ಟರೂ ಪ್ರಯೋಜನವಿಲ್ಲ, ಬೀಗ ಹಾಕಿಟ್ಟರೂ ಪ್ರಯೋಜನವಿಲ್ಲ. ಹೆಸರು ಮರೆಯಾಗಿರುತ್ತದೆ ಎಂಬ ಭರವಸೆ ಇದ್ದರೆ ನಿಜ ಬರೆಯಲು ಮರ್ಯಾದಸ್ಥರು ಹಿಂಜರಿಯುವುದಿಲ್ಲ. ಹಾಗಾಗಿ ಖಾಸಗಿತನ ಮತ್ತು ನಿಖರತೆ ಒಂದಕ್ಕೊಂದು ಎದುರಾಳಿಗಳೆಂದು ನಾನು ತಿಳಿಯುವುದಿಲ್ಲ.

ಮೂರು, ಯಾರು, ಯಾವ ಕಾರಣಕ್ಕೆ ನೋಡಬಹುದು? ಈ ಕಾರಣಗಳ ಪಟ್ಟಿ ಮೊದಲೇ ಬರೆದಿರಬೇಕು. ಪೊಲೀಸರು, ಮೋಸಹೋದವರು, ಹೆಸರಿನ ಹಕ್ಕುದಾರರು, ಸುರಕ್ಷಾ ತಜ್ಞರು, ಇವರಿಗೆಲ್ಲ ಒಂದೇ ಅಳತೆ ಸಲ್ಲದು. 'ಪೊಲೀಸ್' ಎಂದ ಕೂಡಲೇ ತೆರೆಯುವುದೂ ಸಲ್ಲದು. ತನ್ನ ದೇಶದ ಭಿನ್ನಮತೀಯನ ವಿಳಾಸ ಕೇಳಿ ಬರುವವನೂ ಪೊಲೀಸನೇ ಇರಬಹುದು.

ನಾಲ್ಕು, ನೋಡಿದ್ದಕ್ಕೆ ದಾಖಲೆ ಇದೆಯೇ? ನನ್ನ ಅಭಿಪ್ರಾಯದಲ್ಲಿ ಅತಿ ಮುಖ್ಯವಾದದ್ದು, ಚರ್ಚೆಗಳಲ್ಲಿ ಅತಿ ಕಡಿಮೆ ಕೇಳುವುದು ಇದೇ. ಅಕ್ಕನ ವಿಳಾಸವನ್ನು ಅಂದು ನೋಡಿದವನ ಹೆಸರು ಎಲ್ಲೂ ದಾಖಲಾಗಲಿಲ್ಲ. ನನ್ನ ಕೋರಿಕೆಯನ್ನು ತಿರಸ್ಕರಿಸಿದವರ ಕಾರಣವೂ ಎಲ್ಲೂ ದಾಖಲಾಗಲಿಲ್ಲ. ತೆರೆದ ವ್ಯವಸ್ಥೆಯಲ್ಲಿ ನೋಡಿದವನು ಅನಾಮಿಕ, ಮುಚ್ಚಿದ ವ್ಯವಸ್ಥೆಯಲ್ಲಿ ಇಲ್ಲವೆಂದವನು ಅನಾಮಿಕ. ಬ್ಯಾಂಕಿನ ಲಾಕರ್ ತೆರೆಯುವಾಗ ನೀವು ಪುಸ್ತಕದಲ್ಲಿ ಸಹಿ ಮಾಡುತ್ತೀರಲ್ಲ, ಆ ಸಹಿ ಇಲ್ಲಿ ಬೇಕು. ಕೇಳಿದವನು ಯಾರು, ಕಾರಣವೇನು, ಕೊಟ್ಟವರು ಅಥವಾ ಕೊಡದವರು ಯಾರು, ಎಷ್ಟು ದಿನದಲ್ಲಿ. ಈ ಪುಸ್ತಕವನ್ನು ಹೊರಗಿನವರು ಆಗಾಗ ತಪಾಸಣೆ ಮಾಡಬೇಕು. ಇಷ್ಟಾದರೆ ಪರದೆ ಇರಲಿ, ಕಿಂಡಿಯೂ ಇರಲಿ, ಎರಡಕ್ಕೂ ಹೆದರಬೇಕಾಗಿಲ್ಲ.

ನಾವು ಇವತ್ತೇ ಮಾಡಬಹುದಾದದ್ದು

ಲೋಕದ ನಿಯಮ ಬದಲಾಗುವವರೆಗೆ ಕಾಯಬೇಕಿಲ್ಲ. ಇಲ್ಲಿರುವ ಪ್ರತಿ ಸಂಘದ ಪದಾಧಿಕಾರಿಗಳಿಗೂ ನನ್ನದು ಕೆಲವು ವಿನಂತಿಗಳು.

ನಿಮ್ಮ ಸಂಘದ ಡೊಮೇನ್ ಯಾರ ಹೆಸರಲ್ಲಿದೆ ಎಂದು ಊರಿಗೆ ಮರಳಿದ ಮೇಲೆ ನೋಡಿ. ವ್ಯಕ್ತಿಯ ಹೆಸರಲ್ಲಿದ್ದರೆ ಸಂಘದ ಹೆಸರಿಗೆ ಬದಲಾಯಿಸಿ. ವಿಳಾಸ ಸಂಘದ್ದಿರಲಿ, ಇಮೇಲ್ ಹುದ್ದೆಯದ್ದಿರಲಿ, ಖಾತೆಯ ಕೀಲಿ ಕನಿಷ್ಠ ಇಬ್ಬರ ಬಳಿ ಇರಲಿ. ಸಮಿತಿ ಬದಲಾದಾಗ ಬ್ಯಾಂಕ್ ಸಹಿಗಳ ಜೊತೆ ಇದನ್ನೂ ಹಸ್ತಾಂತರಿಸಿ. ಹೊಸ ನೋಂದಣಿಯಾದಾಗ ಅಥವಾ ವಿವರ ಬದಲಾದಾಗ ರಿಜಿಸ್ಟ್ರಾರ್‌ನಿಂದ ದೃಢೀಕರಣದ ಇಮೇಲ್ ಬರುತ್ತದೆ. 15 ದಿನದಲ್ಲಿ ಅದಕ್ಕೆ ಓಗೊಡದಿದ್ದರೆ ಹೆಸರು ಅಮಾನತಾಗಬಹುದು. ಅದು ಊರು ಬಿಟ್ಟುಹೋದ ಹಳೆಯ ಕಾರ್ಯದರ್ಶಿಯ ಅಂಚೆಪೆಟ್ಟಿಗೆಗೆ ಹೋಗುವಂತಿರಬಾರದು. ಡಾಟ್ ಭಾರತ ಬಾಲ ಕನ್ನಡ ಲಿಪಿಯಲ್ಲಿಯೂ ಇದೆ. ಕನ್ನಡದಲ್ಲಿಯೇ ಹೆಸರು ಕೊಳ್ಳುವವರಿಗೂ ಇದೇ ಮಾತು.

ಇನ್ನೊಂದು ಮುಖ್ಯ ವಿಷಯ. ನಕಲಿ ಪುಟ ಕಂಡರೆ ಮೊದಲು ಅದರ ಮಾಲೀಕನನ್ನು ಹುಡುಕಲು ಹೊರಡಬೇಡಿ. ನಾನು ಆ ತಪ್ಪು ಮಾಡಿ ಎರಡು ದಿನ ಕಳೆದೆ. ಮಾಲೀಕನ ಹೆಸರು ಮರೆಯಾಗಿದ್ದರೂ ರಿಜಿಸ್ಟ್ರಾರ್‌ಗೆ ದೂರು ಕೊಡುವ ವಿಳಾಸ ಸಾರ್ವಜನಿಕ ದಾಖಲೆಯಲ್ಲಿಯೇ ಇರುತ್ತದೆ. 2024ರ ಏಪ್ರಿಲ್ 5ರಿಂದ ಜಾರಿಗೆ ಬಂದ ಒಪ್ಪಂದದ ಪ್ರಕಾರ ಹಣ ಮತ್ತು ಪಾಸ್‌ವರ್ಡ್ ಕದಿಯುವ ನಕಲಿ ಪುಟಗಳ ಬಗ್ಗೆ ಪುರಾವೆ ಸಹಿತ ದೂರು ಬಂದರೆ ರಿಜಿಸ್ಟ್ರಾರ್ ಕ್ರಮ ಕೈಗೊಳ್ಳಲೇಬೇಕು. ಮೋಸ ನಿಲ್ಲಿಸಲು ಮೋಸಗಾರನ ಹೆಸರು ಬೇಕಾಗಿಲ್ಲ. ಅವನನ್ನು ಹಿಡಿಯಲು ಮಾತ್ರ ಬೇಕು. ಈ ಎರಡನ್ನು ಬೇರೆಬೇರೆಯಾಗಿ ನೋಡಿದರೆ ಅರ್ಧ ಗೊಂದಲ ತೀರುತ್ತದೆ. ಹೆಸರೇ ನಿಮಗೆ ಬೇಕಿದ್ದರೆ 1999ರಿಂದ ಜಾರಿಯಲ್ಲಿರುವ ಡೊಮೇನ್ ವಿವಾದ ಪರಿಹಾರದ ಕ್ರಮವಿದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬ ತೀರ್ಪುಗಾರರಿಗೆ 1,500 ಡಾಲರ್ ಶುಲ್ಕ. ಹೆಸರಿನ ಮೇಲೆ ಹಕ್ಕು ಇದೆಯೆಂದು ನೀವು ತೋರಿಸಬೇಕು.

ನಮ್ಮ ಕಥೆಯ ಲೆಕ್ಕ ಮುಗಿಸುತ್ತೇನೆ. ದೂರು ಕೊಟ್ಟ ಎರಡನೆಯ ದಿನ ನಕಲಿ ಪುಟ ಮುಚ್ಚಿಹೋಯಿತು. ಹನ್ನೊಂದು ಕುಟುಂಬಗಳಿಗೂ ಸಂಘದ ನಿಧಿಯಿಂದ ಟಿಕೆಟ್ ಕೊಟ್ಟೆವು. ವಾರ್ಷಿಕ ಲೆಕ್ಕಪತ್ರದಲ್ಲಿ ಅದನ್ನು 'ವಂಚನೆಯಿಂದಾದ ನಷ್ಟ' ಎಂದು ನಾನೇ ಬರೆದೆ. ಮಾಡಿದವನು ಯಾರೆಂದು ಇಂದಿಗೂ ತಿಳಿಯದು. ಸಂಘದ ಡೊಮೇನ್ ಅನ್ನು ಸಂಘದ ಹೆಸರಿಗೆ ವರ್ಗಾಯಿಸಿದೆವು. ಅಕ್ಕನ ಹೆಸರು ಈಗ ಅಲ್ಲಿಲ್ಲ. ಆದರೆ ಹಳೆಯ ದಾಖಲೆಗಳನ್ನು ನಕಲು ಮಾಡಿಟ್ಟುಕೊಂಡು ಮಾರುವ ಕಂಪನಿಗಳಿವೆ. ಅಂದು ತೆರೆದಿದ್ದ ಅವರ ಮನೆ ವಿಳಾಸ ಅಂಥ ಯಾವುದೋ ಉಗ್ರಾಣದಲ್ಲಿ ಇಂದಿಗೂ ಇರಬಹುದು. ಅವರು ಈಗಲೂ ಅದೇ ಮನೆಯಲ್ಲಿದ್ದಾರೆ.

ಒಮ್ಮೆ ತೆರೆದಿಟ್ಟದ್ದನ್ನು ಮತ್ತೆ ಮುಚ್ಚಲಾಗದು. ಹಾಗಾಗಿ ತೆರೆಯುವ ಮೊದಲು ಯಾರಿಗೆ, ಏಕೆ, ಎಷ್ಟು ಎಂದು ಕೇಳಬೇಕು. ಹಾಗೆಯೇ ಬಾಗಿಲು ಮುಚ್ಚಿದವರನ್ನೂ ಕಾರಣ ಕೇಳಬೇಕು. ಮುಂದಿನ ಸಮಿತಿಗೆ ಅಧಿಕಾರ ಹಸ್ತಾಂತರಿಸುವ ದಿನ ನಿಮ್ಮ ಪಟ್ಟಿಯಲ್ಲಿ ಈ ಒಂದು ಸಾಲನ್ನೂ ಸೇರಿಸಿಕೊಳ್ಳಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.